ಕುಂಯ್ ಅಂದ ಕೂಡ್ಲೇ ಗ್ರೀಸ್ ಡಬ್ಬಿ ತೆಗೀಬ್ಯಾಡ್ರಿ

ಹೋದ ತಿಂಗಳ ಈ ಅಂಕಣದಾಗ ಟ್ರ್ಯಾಕ್ಟರ್ ಟ್ರಾಲಿ ಕೊಂಡಿ ಖಟಖಟ ಅಂತದ ಅಂತ ಒಬ್ರು ಕೇಳಿದ್ರು. ನಾ ಎರಡೇ ಸಾಲಿನಾಗ "ಕೊಂಡಿ ಆವಾಜ ಅಂದ್ರ ಗ್ರೀಸ್ ಹಚ್ಚ್ರಿ, ನಿಂದ್ರತದ" ಅಂತ ಬರದು ಕೈ ತೊಳಕೊಂಡಿದ್ದೆ. ಜಾಗ ಕಮ್ಮಿ ಇತ್ತು ಅಂತ ಹೇಳಬಹುದು, ಖರೇ ಅಂದ್ರ ಆಲಸಿತನ. ಅದರ ಫಲ ಈ ತಿಂಗಳ ಟಪಾಲಿನಾಗ ಬಂದದ, ಬರೇ ಕೊಂಡಿ, ಹಿಚ್ಚು (ಹಿಂದಿನ ಗಾಡಿ ಜೋಡಸೋ ಕೊಂಡಿ), ಸ್ಟೆಬಿಲೈಜರ್ರು (ಹಿಂದ ಕಟ್ಟಿದ್ದು ಅತ್ತಿತ್ತ ಹೊಯ್ದಾಡದಂಗ ತಡಿಯೋದು) ಇವೇ ಪ್ರಶ್ನೆ. ಹಂಗಾಗಿ ಈ ಸಲ ಎಂಜಿನ್, ಮೈಲೇಜ್ ಎಲ್ಲಾ ಬಾಜೂಕ ಇಟ್ಟು ಇದೊಂದೇ ಮಾತಾಡೂಣ.

ಪ್ರಶ್ನೆ: ನಮಸ್ಕಾರ್ರೀ. ನಾನು ರಿಟೈರ್ಡ್ ಹೈಸ್ಕೂಲ್ ಮಾಸ್ತರ. ಮಗ ಇಂಗ್ಲೆಂಡಿನಾಗ ಇದಾನ, ಅಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕ್ಯಾರವಾನ್ ತೊಗೊಂಡಾನ, ಅಂದ್ರ ಕಾರಿನ ಹಿಂದ ಕಟಗೊಂಡು ಹೋಗೋ ಸಣ್ಣ ಮನಿ. ಹೋದ ವರ್ಷ ನಾನೂ ನಮ್ಮ ಮನಿಯಾಕಿ ಅದ್ರಾಗ ನಾಕು ದಿನ ತಿರಗಾಡೀವಿ. ತಿರುವು ಬಂದಾಗೊಮ್ಮೆ ಹಿಂದಿಂದ ಹಳೇ ವಾಡೇದ ಬಾಗಲಾ ತೆರದಂಗ ಕುಂಯ್ಯ್ ಕಿರ್ರ್ ಅಂತಿತ್ತು. ನಿಮ್ಮ ಅಂಕಣ ಓದಿ ಮಗನಿಗೆ ಫೋನ್ ಹಚ್ಚಿ ಗ್ರೀಸ್ ಹಚ್ಚಪಾ ಅಂದೆ, ಹಚ್ಚಿದ, ಆವಾಜ ಒಮ್ಮೆಲೇ ಬಂದ್. ಖುಷಿ ಆತು. ಮುಂದಿನ ವಾರ ದೊಡ್ಡ ರಸ್ತಾದಾಗ ಒಂದು ಲಾರಿ ಬಾಜೂಕ ದಾಟಿದ ಕೂಡ್ಲೇ ಕ್ಯಾರವಾನ್ ಹಾವಿನಂಗ ಆ ಕಡೆ ಈ ಕಡೆ ಹೊಯ್ದಾಡ್ತಂತ. ಸೊಸಿ "ನಿಮ್ಮ ಅಪ್ಪಾಜಿ ಮೆಕ್ಯಾನಿಕ್ ಯಾರು" ಅಂತ ಕೇಳ್ಯಾಳ. ಇನ್ನೊಂದು, ಬ್ರೇಕ್ ಹೊಡದಾಗ ಧಡ್ ಅನ್ನೋದು ಮೊದ್ಲಿಂದನೂ ಅದ, ಅದು ಗ್ರೀಸಿಗೂ ಹೋಗಿಲ್ಲ. ಈಗ ಏನ್ ಮಾಡ್ಬೇಕು? – ಒಬ್ಬ ಓದುಗರು, ಕಲಬುರಗಿ

ಉತ್ತರ: ಮಾಸ್ತರ್ರ, ಆ ಮೆಕ್ಯಾನಿಕ್ ನಾನೇ ಅಂತ ಸೊಸಿಗೆ ಹೇಳ್ರಿ, ತಪ್ಪು ಆಗ್ಯದ ಅಂತನೂ ಹೇಳ್ರಿ. ನಾ ಬರದಿದ್ದು ಟ್ರಾಲಿಗೆ. ಕೊಂಡಿ ಅಂದ್ರ ಎಲ್ಲಾ ಕೊಂಡಿ ಒಂದೇ ಅಲ್ಲ ಅಂತ ಅಲ್ಲೇ ಒಂದು ಮಾತು ಹಾಕಬೇಕಿತ್ತು, ಹಾಕಲಿಲ್ಲ.

ನೋಡ್ರಿ, ಎತ್ತಿನ ಗಾಡಿಗೆ ಕೀಲೆಣ್ಣಿ ಹಾಕ್ತೀವಿ, ಯಾಕ, ಗಾಲಿ ತಿರಗಬೇಕು. ಅದೇ ಎಣ್ಣಿ ನೊಗದ ಹಗ್ಗದ ಗಂಟಿಗೆ ಹಾಕ್ತೀವೇನು? ಹಾಕಿದ್ರ ಗಂಟೇ ಜಾರಿ ಬಿಚ್ಕೋತದ. ನಿಮ್ಮ ಮಗನ ಕ್ಯಾರವಾನಿನ ಹಿಚ್ಚಿನಾಗ ಗಂಟೂ ಅದ, ಕೀಲೂ ಅದ, ಎರಡೂ ಒಂದೇ ಡಬ್ಬಿಯೊಳಗ ಇರೋದಕ್ಕ ಗಡಿಬಿಡಿ ಆಗ್ತದ.

ಕಾರಿನ ಹಿಂದ ಒಂದು ಉಕ್ಕಿನ ಗುಂಡು ಇರ್ತದ, ಯುರೋಪಿನ ಅಳತಿ 50 ಮಿಲಿಮೀಟರ್. ಕ್ಯಾರವಾನಿನ ಮೂತಿಯೊಳಗ ಅದಕ್ಕ ಕೂಡೋ ಬಟ್ಟಲ ಇರ್ತದ, ಅದು ಗುಂಡಿನ ಮ್ಯಾಲ ಕುಂತು ಲಾಕ್ ಆಗ್ತದ, ಅದಕ್ಕೇ ಕಪ್ಲಿಂಗ್ ಅಂತಾರ. ಸಾದಾ ಕಪ್ಲಿಂಗ್ ಇದ್ರ ಅಷ್ಟೇ ಕತಿ, ಕಬ್ಬಿಣದ ಮ್ಯಾಲ ಕಬ್ಬಿಣ ತಿರಗ್ತದ, ಅಲ್ಲಿ ಗ್ರೀಸ್ ಬೇಕೇ ಬೇಕು. ಆದ್ರ ಸ್ಟೆಬಿಲೈಜರ್ ಇರೋ ಕಪ್ಲಿಂಗಿನಾಗ, ಅಲ್ಕೋ ಕಂಪನಿದು ಎಕೆಎಸ್ ಅಂತ ಬರ್ತದ, ವಿಂಟರ್‌ಹಾಫ್ ದು ಡಬ್ಲ್ಯೂಎಸ್ ಅಂತ ಬರ್ತದ, ಬಟ್ಟಲಿನ ಒಳಗ ಬ್ರೇಕ್ ಲೈನರ್ ಇದ್ದಂಗ ಪ್ಯಾಡ್ ಇರ್ತಾವ, ಕೆಲವು ಮಾಡೆಲ್ಲಿಗೆ ಎರಡು, ಕೆಲವಕ್ಕ ನಾಕು. ಹ್ಯಾಂಡಲ್ ಒತ್ತಿದ್ರ ಆ ಪ್ಯಾಡುಗಳು ಗುಂಡನ್ನ ಗಟ್ಟಿ ಹಿಡಕೋತಾವ. ಕ್ಯಾರವಾನ್ ಬಾಲ ಅಲ್ಲಾಡಸಲಿಕ್ಕ ಹೋದ್ರ ಈ ಹಿಡತ ಬಿಡಂಗಿಲ್ಲ. ಅಂದ್ರ ಅದರ ಕೆಲಸನೇ ತಿಕ್ಕಾಟ. ಅಲ್ಲಿ ಗ್ರೀಸ್ ಹಚ್ಚೋದು ಅಂದ್ರ ಬ್ರೇಕ್ ಡ್ರಮ್ಮಿನೊಳಗ ಎಣ್ಣಿ ಸುರವಿದಂಗ. ಆವಾಜ ಹೋತು ಖರೆ, ಕೆಲಸನೂ ಹೋತು.

ಈಗ ಮಾಡೋದೇನಂದ್ರ, ಗ್ರೀಸ್ ಕುಡದ ಪ್ಯಾಡು ತಿಕ್ಕಿ ಉಪಯೋಗ ಇಲ್ಲ, ಎಷ್ಟು ತಿಕ್ಕಿದ್ರೂ ಒಳಗಿಂದ ಜಿಡ್ಡು ಬಿಡ್ತದ, ಹೊಸಾ ಪ್ಯಾಡ್ ಸೆಟ್ ಹಾಕಸಬೇಕು. ಹೊಸಾದು ಹಾಕೋ ಮೊದ್ಲು ಬಟ್ಟಲಿನ ಒಳಗೂ, ಗುಂಡಿನ ಮ್ಯಾಲೂ ಇರೋ ಗ್ರೀಸ್ ಪೂರ್ತಿ ತೆಗೀಬೇಕು, ಇದನ್ನ ಬಿಟ್ರ ಹೊಸಾ ಪ್ಯಾಡೂ ಮರುದಿನ ಹಳೇದು ಆಗ್ತದ. ಬ್ರೇಕ್ ಕ್ಲೀನರ್ ಆಗ್ಲಿ ಥಿನ್ನರ್ ಆಗ್ಲಿ ಅರಿವಿಗೆ ಹಾಕ್ಕೊಂಡು ಒರಸಬೇಕು, ಬಿಳೀ ಅರಿವಿ ಕರ್ರಗ ಆಗೋದು ನಿಲ್ಲೋ ತನಕ. ಡೀಸೆಲ್, ಗ್ಯಾಸೆಣ್ಣಿ ಬ್ಯಾಡ, ಅವು ತೊಳದಂಗ ಕಾಣ್ತಾವ, ಹಿಂದ ಜಿಡ್ಡು ಬಿಟ್ಟು ಹೋಗ್ತಾವ.

ಗ್ರೀಸ್ ಹಚ್ಚೋಕಿಂತ ಮೊದ್ಲು ಕುಂಯ್ ಅಂತಿತ್ತಲ್ಲ, ಅದಕ್ಕೂ ಕಾರಣ ಹುಡಕಬೇಕು, ಇಲ್ಲಂದ್ರ ಹೊಸಾ ಪ್ಯಾಡೂ ಹಾಡ್ತಾವ. ನಾ ಕೇಳೋದು ಮೊದ್ಲು ಇಷ್ಟು: ಗುಂಡಿಗೆ ಕರೀ ಬಣ್ಣ ಇತ್ತೇನು? ಭಾಳ ಟೋ ಬಾರ್, ಅಂದ್ರ ಕಾರಿನ ಹಿಂದ ಗುಂಡು ಕೂಡಸೋ ಕಬ್ಬಿಣದ ಚೌಕಟ್ಟು, ಪೇಂಟ್ ಹಚ್ಚಿಕೊಂಡೇ ಬರ್ತಾವ, ಆ ಪೇಂಟ್ ಪ್ಯಾಡಿಗೆ ಹತ್ತಿ ಅಲ್ಲೇ ಗಾಜಿನಂಗ ಮೆರಗು ಬಂದು ಕಿರಗುಡ್ತದ. ಸ್ಟೆಬಿಲೈಜರ್ ಇದ್ರ ಗುಂಡಿನ ಪೇಂಟ್ ಎಮರಿ ಪೇಪರ್ ಹಚ್ಚಿ ತೆಗದು ಬರೀ ಲೋಹ ಕಾಣೋಹಂಗ ಮಾಡಬೇಕು. ಪೇಂಟ್ ಇಲ್ಲ, ಗ್ರೀಸೂ ಹತ್ತಿಲ್ಲ, ಪ್ಯಾಡ್ ಮ್ಯಾಲ ಬರೇ ಮೆರಗು ಬಂದದ ಅಂದ್ರ 200ರಿಂದ 240 ನಂಬರಿನ ಪಾಲಿಶ್ ಪೇಪರಿನಿಂದ ಹಗೂರಕ ಒಂದೆರಡು ಕೈ ತಿಕ್ಕಿದ್ರ ಸಾಕು. ಹಗೂರಕ ಅಂದೆ, ಅಡಗಿ ಮನ್ಯಾಗ ಬೋಗಾಣಿ ತಿಕ್ಕಿದಂಗ ಅಲ್ಲ.

ಆಮ್ಯಾಲ ವರ್ನಿಯರ್ (ಸಣ್ಣ ಅಳತಿ ನೋಡೋ ಸಾಧನ) ತೊಗೊಂಡು ಗುಂಡು ಅಳೀಲಿ. ಎರಡು ಮೂರು ಕಡೆ ಅಳೀಬೇಕು ಯಾಕಂದ್ರ ಗುಂಡು ಸವದ್ರ ಎಲ್ಲಾ ಕಡೆ ಸರೀ ಸವಿಯೂದಿಲ್ಲ, ಮುಂದ ಹಿಂದ ಜಾಸ್ತಿ ಸವೀತದ. 49 ಮಿಲಿಮೀಟರಿಗೆ ಇಳದಿದ್ರ ಗುಂಡೇ ಬದಲಿ ಮಾಡಬೇಕು, ಅದಕ್ಕ ಮುಲಾಜಿಲ್ಲ. ಒಂದು ಮಿಲಿಮೀಟರ್ ಅಂದ್ರ ಏನ್ ಮಹಾ ಅನಸ್ತದ, ಆದ್ರ ಪ್ಯಾಡಿನ ಹಿಡತ ನಿಂತಿರೋದೇ ಆ ಒಂದು ಮಿಲಿಮೀಟರಿನ ಮ್ಯಾಲ. ಸ್ಟೆಬಿಲೈಜರ್ ಕಪ್ಲಿಂಗಿನ ಮೂತಿ ಸಾದಾದಕ್ಕಿಂತ ದೊಡ್ಡದು, ಅದಕ್ಕ ಉದ್ದ ಕುತ್ತಿಗಿ ಇರೋ ಗುಂಡು ಬೇಕು, ಗಿಡ್ಡ ಕುತ್ತಿಗಿ ಇದ್ರ ತಿರುವಿನಾಗ ಮೂತಿ ಹೋಗಿ ಟೋ ಬಾರಿಗೆ ಬಡೀತದ, ಆ ಆವಾಜಿಗೆ ಯಾವ ಪ್ಯಾಡ್ ಹಾಕಿದ್ರೂ ಇಲಾಜಿಲ್ಲ. ಸೆಕೆಂಡ್ ಹ್ಯಾಂಡ್ ಕ್ಯಾರವಾನ್ ಅಂದ್ರಲ್ಲ, ಕಾರಿಂದು ಟೋ ಬಾರ್ ಬ್ಯಾರೆ ಯಾರೋ ಹಾಕಿರ್ತಾರ, ಇಬ್ಬರಿಗೂ ಒಬ್ರ ಮಾತು ಒಬ್ರಿಗೆ ಗೊತ್ತಿರಂಗಿಲ್ಲ, ಹಂಗಾಗಿ ಇದನ್ನ ಒಂದ್ಸಲ ನೋಡ್ಲಿ.

ಆವಾಜ ಪ್ಯಾಡಿಂದೇ ಹೌದೋ ಅಲ್ಲೋ ಅಂತ ಪಕ್ಕಾ ಮಾಡ್ಕೊಳ್ಳಿಕ್ಕ ಒಂದು ಸುಲಭ ಪರೀಕ್ಷಾ ಅದ. ಖಾಲಿ ಸಪಾಟ ಮೈದಾನದಾಗ ಸ್ಟೆಬಿಲೈಜರಿನ ಹ್ಯಾಂಡಲ್ ಅಷ್ಟೇ ಬಿಡಿಸಿ, ಕಪ್ಲಿಂಗ್ ಲಾಕ್ ಹಂಗೇ ಇಟ್ಟು, ನಡಕೊಂಡು ಹೋಗೋ ಸ್ಪೀಡಿನಾಗ ಒಂದು ದೊಡ್ಡ ಸುತ್ತು ಹೊಡೀಲಿ. ಆವಾಜ ನಿಂತ್ರ ಪ್ಯಾಡು, ನಿಲ್ಲದಿದ್ರ ಟೋ ಬಾರಿನ ಬೋಲ್ಟು, ಮುಂದಿನ ಸಣ್ಣ ಗಾಲಿ ಪೂರ್ತಿ ಮ್ಯಾಲ ಏರಸಿಲ್ಲದೆ ಅಲ್ಲಾಡೋದು, ಮುಂದಿನ ಡಬ್ಬಿಯೊಳಗ ಸಿಲಿಂಡರ್ ಹೊಳ್ಳಾಡೋದು, ಇಂಥಾವು ನೋಡಬೇಕು. ನಮ್ಮ ಕಡೆ ಒಬ್ರು ಮೂರು ದಿನ ಸಸ್ಪೆನ್ಶನ್ ಬಿಚ್ಚಿ ಕಡೀಕ ಡಿಕ್ಕಿಯೊಳಗಿನ ಜಾಕ್ ಸಿಕ್ಕಿದ್ದು ನಾ ಕಂಡೀನಿ.

ಇಷ್ಟೆಲ್ಲಾ ಮಾಡಿದ ಮ್ಯಾಲೂ ಮಳ್ಯಾಗ ನಿಂತು ಮರುದಿನ ಹೊಂಟಾಗ, ಇಲ್ಲಾ ಸಣ್ಣ ಜಾಗದಾಗ ತಿರವಿಕೊಳ್ಳೋವಾಗ ಜರಾ ಕಿರ್ ಅಂದ್ರ ಅನ್ಲಿ ಬಿಡ್ರಿ. ಗುಂಡಿನ ಮ್ಯಾಲ ಬಂದ ತೆಳು ತುಕ್ಕು ಅದು, ನಾಕು ತಿರುವಿನಾಗ ಉಜ್ಜಿ ಹೋಗ್ತದ. ಪೂರಾ ಗಪ್ ಇರೋ ಸ್ಟೆಬಿಲೈಜರ್ ಬಗ್ಗೆನೇ ನಂಗ ಸಂಶಯ ಜಾಸ್ತಿ.

ಹಾವಿನಂಗ ಹೊಯ್ದಾಡಿದ್ದಕ್ಕ ಬರೇ ಗ್ರೀಸಿನ ಮ್ಯಾಲ ಹಾಕಿ ಕೂಡಬ್ಯಾಡ್ರಿ. ಸ್ಟೆಬಿಲೈಜರ್ ಸಹಾಯ ಮಾಡ್ತದ ಅಷ್ಟೇ, ಭಾರ ತಪ್ಪು ಹೇರಿದ್ರ ಅದೂ ಕೈ ಎತ್ತತದ. ಭಾರೀ ಸಾಮಾನು ಗಾಲಿ ಮ್ಯಾಲ, ನೆಲಕ್ಕ ಹತ್ತಿ ಇರಬೇಕು, ಹಿಂದಿನ ತುದಿಗೆ ಹೇರಿದ್ರ ಬಾಲ ಕಾರನ್ನ ಆಡಸ್ತದ. ಮೂತಿ ಮ್ಯಾಲ ಬೀಳೋ ಭಾರ ಕ್ಯಾರವಾನಿನ ಒಟ್ಟು ತೂಕದ 5ರಿಂದ 7 ಪರ್ಸೆಂಟ್ ಇರಬೇಕು, 1200 ಕಿಲೋ ಇದ್ರ 60ರಿಂದ 84 ಕಿಲೋ, ಅದು ಕಾರಿನ ಪುಸ್ತಕದಾಗ ಬರದಿರೋ ಲಿಮಿಟ್ ದಾಟಬಾರ್ದು. ಅಲ್ಲಿ ಕ್ಯಾರವಾನ್ ಕಟ್ಟಿದ ಕಾರಿಗೆ ಮೋಟರ್‌ವೇ ಮ್ಯಾಲ 60 ಮೈಲಿ ಲಿಮಿಟ್, ನಮ್ಮ ಲೆಕ್ಕದಾಗ 96 ಕಿಲೋಮೀಟರ್ ಆಸುಪಾಸು. ಇನ್ನೊಮ್ಮೆ ಹೊಯ್ದಾಡಿದ್ರ ಸ್ಟೇರಿಂಗ್ ನೆಟ್ಟಗ ಹಿಡದು ಆಕ್ಸಿಲರೇಟರ್ ಮ್ಯಾಲಿಂದ ಕಾಲು ತೆಗೀಲಿ, ಸ್ಪೀಡ್ ತಾನೇ ಇಳೀಲಿ, ಹೆದರಿ ಗಚ್ಚನೆ ಬ್ರೇಕ್ ಒತ್ತಬಾರ್ದು, ಸ್ಟೇರಿಂಗ್ ತಿರವಿ ಸರಿ ಮಾಡಲಿಕ್ಕೂ ಹೋಗಬಾರ್ದು.

ಇನ್ನ ಆ ಧಡ್. ಇದು ಬ್ಯಾರೆ ರೋಗ, ಮತ್ತ ಇಲ್ಲಿ ಗ್ರೀಸ್ ಬೇಕು. ಆ ಕ್ಯಾರವಾನಿಗೆ ತನ್ನದೇ ಬ್ರೇಕ್ ಇರ್ತಾವ, ಕಾರ್ ನಿಂತಾಗ ಕ್ಯಾರವಾನ್ ಹಿಂದಿಂದ ಒತ್ತತದ, ಆ ಒತ್ತಿಗೆ ಮೂತಿಯ ಹಿಂದಿನ ಕೊಳವಿ ಒಳಗ ಸರದು ಬ್ರೇಕಿನ ರಾಡ್ ಎಳೀತದ. ಕೊಳವಿ ಒಳಗ ಒಂದು ಡ್ಯಾಂಪರ್ ಅದ, ಬೈಕಿನ ಶಾಕಬ್ಸರ್ ಇದ್ದಂಗ. ಡ್ಯಾಂಪರ್ ಸತ್ರ ಕೊಳವಿ ಸರ್ ಅಂತ ಹೋಗಿ ಧಡ್ ಅಂತ ಬಡೀತದ. ನೋಡೋ ರೀತಿ ಹಿಂಗ: ಕ್ಯಾರವಾನಿನ ಹ್ಯಾಂಡ್ ಬ್ರೇಕ್ ಎಳದು, ಕಾರಿನಿಂದ ಹಗೂರಕ ಹಿಂದಕ್ಕ ಒತ್ತಿದ್ರ ಕೊಳವಿ ಬಿಗಿಯಾಗಿ ನಿಧಾನ ಒಳಗ ಹೋಗಬೇಕು, ಒತ್ತು ಬಿಟ್ರ ನಿಧಾನ ತಾನೇ ಹೊರಗ ಬರಬೇಕು. ತಡೀ ಇಲ್ಲದೆ ಒಳಗ ಬಿದ್ರ, ಇಲ್ಲಾ ಒಳಗ ಹೋಗಿ ಅಲ್ಲೇ ಕುಂತ್ರ ಡ್ಯಾಂಪರ್ ಬದಲಿ. ಆ ಕೊಳವಿ ಮ್ಯಾಲ ಗ್ರೀಸ್ ನಿಪ್ಪಲ್, ಅಂದ್ರ ಗ್ರೀಸ್ ತುಂಬೋ ಸಣ್ಣ ಬಾಯಿ ಇರ್ತಾವ, ವರ್ಷಕ್ಕೊಮ್ಮೆ ಆದ್ರೂ ಗ್ರೀಸ್ ಗನ್ ಹಚ್ಚಿ ತುಂಬಬೇಕು. ಕೊಳವಿ ಮುಂದಿನ ರಬ್ಬರ್ ಕವರ್ ಹರದಿದ್ರ ಮಳಿ ನೀರು ಒಳಗ ಹೋಗಿ ಒಣಗಸ್ತದ, ಅದನ್ನೂ ನೋಡ್ಲಿ. ಬ್ರೇಕಿಗೆ ಸಂಬಂಧ ಪಟ್ಟ ಕೆಲಸ, ಮಗನೇ ಬಿಚ್ಚೋದು ಬ್ಯಾಡ, ವರ್ಕ್‌ಶಾಪಿಗೆ ಕೊಡ್ಲಿ. ನಿಪ್ಪಲ್ಲಿಗೆ ಗನ್ ಹಚ್ಚೋ ಮೊದ್ಲು ಗುಂಡಿಗೆ ಒಂದು ಪ್ಲಾಸ್ಟಿಕ್ ಚೀಲ ಕಟ್ಲಿ, ಆ ಗ್ರೀಸಿನ ಕೈ ಈ ಕಡೆ ತಾಗಿದ್ರ ಮತ್ತ ಮೊದ್ಲಿಂದ ಶುರು.

ಪ್ರಶ್ನೆ: ನಾವು ಫ್ರೆಂಡ್ಸ್ ಸೇರಿ ಲೋಕಲ್ ವೆಲ್ಡಿಂಗ್ ಅಂಗಡ್ಯಾಗ ಒಂದು ಸಣ್ಣ ಕ್ಯಾಂಪಿಂಗ್ ಟ್ರೇಲರ್ ಮಾಡಿಸೀವಿ, ಎಸ್‌ಯುವಿ ಹಿಂದ ಕಟ್ಟಿ ಚಂದ್ರಂಪಳ್ಳಿ ಡ್ಯಾಮಿಗೆ ಎರಡು ಸಲ ಹೋಗಿ ಬಂದ್ವಿ. ಚಿಂಚೋಳಿ ದಾಟಿದ್ ಮ್ಯಾಲ ರಸ್ತೆ ಕುಣಿ ಬಂದ್ರ ಹಿಂದ ತಟ್ಟಿ ಬಾರಸಿದಂಗ ಟಣ್ ಟಣ್ ಟಣ್, ಒಳಗ ಮಾತೇ ಕೇಳಸಂಗಿಲ್ಲ. ಸ್ಟೆಬಿಲೈಜರ್ ಹಾಕ್ಸಿದ್ರ ಹೋಗ್ತದಾ ಸರ್? ಆನ್‌ಲೈನ್ ನೋಡಿದ್ವಿ ರೇಟ್ ನೋಡಿ ಗಾಬರಿ ಆದ್ವಿ – ಸೇಡಂ

ಉತ್ತರ: ರೊಕ್ಕ ಉಳೀತು ಅಂತ ತಿಳಕೋರಿ. ಸ್ಟೆಬಿಲೈಜರ್ ಇರೋದು ಬಾಲ ಅಲ್ಲಾಡೋದು ತಡೀಲಿಕ್ಕ, ಟಣ್ ಟಣ್ ತಡೀಲಿಕ್ಕ ಅಲ್ಲ. ಟಣ್ ಅಂದ್ರ ಎಲ್ಲೋ ಎರಡು ಕಬ್ಬಿಣದ ನಡುವ ಸಂದು ಅದ.

ನಿಮ್ಮ ಕೇಸಿನಾಗ ನನ್ನ ಮೊದಲನೇ ಸಂಶಯ ಅಳತಿ ಮ್ಯಾಲ. ಗುಂಡು ಒಂದು ಕಡೆ ತಂದು, ಬಟ್ಟಲಾ ಇನ್ನೊಂದು ಕಡೆ ತಂದಿರ್ತೀರಿ. ಮಾರ್ಕೆಟಿನಾಗ 50 ಮಿಲಿಮೀಟರಿನ ಗುಂಡೂ ಅದ, ಅಮೆರಿಕಾದ 2 ಇಂಚಿಂದೂ ಅದ, ಅಂಗಡಿಯವ ಎರಡೂ ಒಂದೇ ಅಂತಾನ, ಆದ್ರ 2 ಇಂಚು ಅಂದ್ರ 50.8 ಮಿಲಿಮೀಟರ್. 2 ಇಂಚಿನ ಬಟ್ಟಲಾ 50ರ ಗುಂಡಿನ ಮ್ಯಾಲ ಕುಂತ್ರ 0.8 ಮಿಲಿಮೀಟರ್ ಸಂದು ಉಳೀತದ, ಪ್ರತೀ ಕುಣ್ಯಾಗ ಅದೇ ಟಣ್ ಅಂತದ. ಅಮೆರಿಕಾದಾಗ 1⅞ ಇಂಚಿಂದೂ ಒಂದು ಅದ, ಅದು 47.6 ಮಿಲಿಮೀಟರ್. ಅದರ ಮ್ಯಾಲ ನಿಮ್ಮ ಬಟ್ಟಲಾ ಕುಂತಿದ್ರ ಆವಾಜದ ಮಾತು ಬಿಡ್ರಿ, ಟ್ರೇಲರ್ರೇ ಹಾರಿ ಹೋಗ್ತದ. ಗುಂಡಿನ ಮ್ಯಾಲ ಸಾಧಾರಣ ಅಳತಿ ಕೊರದಿರ್ತಾರ, ಇಲ್ಲಂದ್ರ ವರ್ನಿಯರ್ ಹಚ್ಚ್ರಿ. ಎರಡೂ ಒಂದೇ ಅಳತಿ ಮಾಡ್ರಿ, ಕಪ್ಲಿಂಗಿಗೆ ಕೆಳಗ ಅಡ್ಜಸ್ಟ್ ಮಾಡೋ ನಟ್ ಇದ್ರ ಸಂದು ಕಮ್ಮಿ ಆಗೋ ತನಕ ಬಿಗೀರಿ, ಆದ್ರ ಹ್ಯಾಂಡಲ್ ಪೂರ್ತಿ ಕೆಳಗ ಬಂದು ಲಾಕ್ ಆಗಬೇಕು.

ಆಮ್ಯಾಲ ಗುಂಡು ಕುಂತಿರೋ ಚೌಕಾ ಪೈಪು, ಅದು ರಿಸೀವರ್ (ಗಾಡಿಗೆ ಬಿಗದಿರೋ ಚೌಕಾ ಗೂಡು) ಒಳಗ ಹೋಗಿ ಪಿನ್ ಹಾಕ್ತೀರಲ್ಲ, ಅಲ್ಲೂ ಸಂದು ಇರ್ತದ. ಕೈಯಾಗ ಹಿಡದು ಅಲ್ಲಾಡಿಸಿ ನೋಡ್ರಿ, ಅಲ್ಲೇ ಟಕ್ ಟಕ್ ಅಂದ್ರ ಯು-ಬೋಲ್ಟ್ ಹಾಕಿ ಎರಡನ್ನೂ ಒಂದಕ್ಕೊಂದು ಒತ್ತಿ ಬಿಗಿಯೋ ಪಟ್ಟಿ ಮಾಡಸ್ರಿ, ಲೇತ್ ಅಂಗಡ್ಯಾಗ ಅರ್ಧಾ ದಿನದ ಕೆಲಸ.

ನಿಮ್ಮದು ಸಾದಾ ಬಟ್ಟಲಾ, ಪ್ಯಾಡ್ ಇಲ್ಲ, ಹಂಗಾಗಿ ನಿಮಗ ಗ್ರೀಸ್ ಬೇಕು, ತೆಳ್ಳಗ. ಸೇಡಂ ಅಂದ ಮ್ಯಾಲ ಇನ್ನೊಂದು ಹೇಳಬೇಕು. ಅಲ್ಲಿ ಸಿಮೆಂಟ್ ಫ್ಯಾಕ್ಟರಿ, ಚಿತ್ತಾಪುರ, ವಾಡಿ, ಶಹಾಬಾದ ಕಡೆ ಕಲ್ಲಿನ ಕ್ವಾರಿ, ಗಾಳಿಯೊಳಗೇ ಕಲ್ಲಿನ ಪುಡಿ ಅದ. ಆ ಪುಡಿ ಗ್ರೀಸಿಗೆ ಕೂಡಿದ್ರ ವಾಲ್ವ್ ಗ್ರೈಂಡ್ ಮಾಡೋ ಪೇಸ್ಟ್ ಆಗ್ತದ, ಗುಂಡು ತಾನೇ ಸವೀತದ. ಹಳೇ ಗ್ರೀಸಿನ ಮ್ಯಾಲ ಹೊಸಾ ಗ್ರೀಸ್ ಬಳಿಯೋ ಚಟ ಬಿಡ್ರಿ, ಪ್ರತೀ ಸಲ ಒರಸಿ ಆಮ್ಯಾಲ ಹಚ್ಚ್ರಿ. ಟ್ರೇಲರ್ ಬಿಚ್ಚಿಟ್ಟಾಗ ಗುಂಡಿಗೆ ಟೋಪಿ ಹಾಕ್ರಿ, ಟೆನ್ನಿಸ್ ಬಾಲ್ ಕೊರದು ಹಾಕಿದ್ರೂ ನಡೀತದ.

ಮತ್ತ ಒಂದು ಕೇಳದ ಮಾತು: ಆ ಟ್ರೇಲರಿಗೆ ರಿಜಿಸ್ಟ್ರೇಶನ್ ಮಾಡಿಸೀರೇನು? ಮೋಟಾರು ಕಾಯ್ದೆದಾಗ ಟ್ರೇಲರ್ ಅಂದ್ರ ಬ್ಯಾರೆನೇ ಒಂದು ವಾಹನ, ಅದಕ್ಕ ತನ್ನದೇ ನಂಬರ್ ಬೇಕು. ಫ್ರೆಂಡ್ಸ್ ಸೇರಿ ಮಾಡಿಸೀವಿ ಅಂದ್ರಲ್ಲ ಅದಕ್ಕ ಕೇಳಿದೆ.

ಪ್ರಶ್ನೆ: ಸ್ಟೆಬಿಲೈಜರ್ ಪ್ಯಾಡಿಗೆ ಡಬ್ಲ್ಯೂಡಿ-40 ಸ್ಪ್ರೇ ಹೊಡದ್ರ ನಡೀತದೇನ್ರಿ? ಅದು ಗ್ರೀಸ್ ಅಲ್ಲಲ್ಲ. – ಬೀದರ

ಉತ್ತರ: ನಡಿಯಂಗಿಲ್ಲ. ಅದೂ ಜಾರಸೋ ಎಣ್ಣಿನೇ.

ಪ್ರಶ್ನೆ: ನಮ್ಮ ತಮ್ಮ ಅಮೆರಿಕಾದಾಗ ಇದಾನ, ದೊಡ್ಡ ಟ್ರಾವಲ್ ಟ್ರೇಲರ್ ಅದ ಅವಂದು, ಹಿಚ್ಚಿಗೆ ಎರಡೂ ಕಡೆ ಉದ್ದ ಕಬ್ಬಿಣದ ಬಾರ್ ಇರ್ತಾವ, ಮತ್ತೊಂದು ಸಣ್ಣ ಬಾರ್ ಬಾಜೂಕ. ಪಾರ್ಕಿಂಗಿನಾಗ ತಿರವಿದ್ರ ಎಮ್ಮಿ ಒದರಿದಂಗ ಹೂಂಕರಸ್ತದಂತ, ಜನಾ ಹೊಳ್ಳಿ ನೋಡ್ತಾರಂತ, ನಾಚಿಕಿ ಬರ್ತದ ಅಂತಾನ. ಅದೂ ನೀವು ಹೇಳೋ ಅದೇನಾ – ಹುಮನಾಬಾದ

ಉತ್ತರ: ಅಲ್ಲ, ಅದು ಇನ್ನೊಂದು ಜಾತಿ. ಉದ್ದ ಎರಡು ಬಾರ್ ಇರೋದು ಭಾರ ಹಂಚಲಿಕ್ಕ, ಟ್ರೇಲರಿನ ಮೂತಿ ಭಾರದಾಗ ಒಂದು ಪಾಲು ಗಾಡಿ ಮುಂದಿನ ಗಾಲಿಗೆ ದಾಟಸ್ತಾವ. ಅವು ಸ್ಪ್ರಿಂಗಿನಂಗ ಬಗ್ಗಿ ಬಿಗಿಯಾಗಿ ಕುಂತಿರ್ತಾವ, ತಿರವಿದಾಗ ತಮ್ಮ ಗೂಡಿನೊಳಗ ತಿಕ್ಕತಾವ, ಎಮ್ಮಿ ಅಲ್ಲಿಂದೇ ಒದರತದ. ಬಾರಿನ ತುದಿ ಕೂಡೋ ಆ ಗೂಡಿಗೆ ಗ್ರೀಸ್ ಹಚ್ಲಿ, ಗುಂಡಿಗೂ ಹಚ್ಲಿ. ಆದ್ರ ಬಾಜೂಕಿರೋ ಸಣ್ಣ ಬಾರ್, ಹ್ಯಾಂಡಲ್ ತಿರವಿ ಬಿಗಿಯೋದು ಇದ್ರ ಅದು ತಿಕ್ಕಾಟದ ಬಾರ್, ಅದನ್ನ ಮಾತ್ರ ಒಣಾನೇ ಇಡಬೇಕು, ಒಂದು ಹನಿನೂ ಬ್ಯಾಡ. ಒಂದೇ ಹಿಚ್ಚಿನಾಗ ಒಂದು ಗೇಣು ಅಂತರದಾಗ ಒಂದಕ್ಕ ಗ್ರೀಸ್ ಅಮೃತ, ಇನ್ನೊಂದಕ್ಕ ವಿಷ. ಆದ್ರ ಒಂದು ಮಾತು, ಕೆಲವು ಹೊಸಾ ಮಾಡೆಲ್ಲಿನಾಗ ಆ ಉದ್ದ ಬಾರುಗಳೇ ತಿಕ್ಕಾಟದ ಕೆಲಸನೂ ಮಾಡ್ತಾವ, ಅವಕ್ಕ ಬ್ರಾಕೆಟ್ಟಿನ ಮ್ಯಾಲ ಕುಂತಿರೋ ತುದಿಗೆ ಗ್ರೀಸ್ ಹಚ್ಚಂಗಿಲ್ಲ, ಹಂಗಾಗಿ ಅವಂದು ಯಾವ ಮಾಡೆಲ್ ಅಂತ ಪುಸ್ತಕ ತೆಗದು ನೋಡಿಯೇ ಡಬ್ಬಿ ಬಿಚ್ಚಲಿ. ನಾಚಿಕಿ ಬರೋದಿದ್ರ ಪಾರ್ಕಿಂಗಿನಾಗ ಹೊಕ್ಕೋ ಮೊದ್ಲು ಆ ಸಣ್ಣ ಬಾರ್ ಸಡಿಲ ಮಾಡ್ಲಿ, ರಿವರ್ಸ್ ಹಾಕೋವಾಗಂತೂ ಅದನ್ನ ತೆಗೀಲೇಬೇಕು, ಇಲ್ಲಂದ್ರ ಬಾಗತದ.

ಪ್ರಶ್ನೆ: ಬೀದರ ಕೋಟಿ ಹತ್ರ ನಮ್ಮ ಮನಿ, ಟ್ರೇಲರ್ ಹೊರಗೇ ನಿಂದ್ರತದ, ಮಳಿಗಾಲದಾಗ ಕೆಂಪು ಮಣ್ಣು ಸಿಡದು ಹಿಚ್ ಪೂರಾ ಕೆಂಪು. ನೀರಿನ ಪ್ರೆಶರ್ ಹೊಡದು ತೊಳದ್ರ ಸಾಕಾ – ಬೀದರ

ಉತ್ತರ: ಬೀದರ ಕೋಟಿ ಮಣ್ಣು ಲೋಹಕ್ಕ ಹಚ್ಚಿದ್ರ ಛಲೋ ಆಗೋದು ಬಿದ್ರಿ ಕೆಲಸದಾಗ ಮಾತ್ರ, ಕರ್ರಗ ಮಿರಿಮಿರಿ ಬಣ್ಣ ಬರ್ತದ. ನಿಮ್ಮ ಹಿಚ್ಚಿಗೆ ಬೆಳ್ಳಿ ಕೆತ್ತಿಸಿಲ್ಲಂದ್ರ ಅದನ್ನ ತೆಗೀರಿ. ಪ್ರೆಶರ್ ನೀರು ಹೊರಗಿನ ಚೌಕಟ್ಟಿಗೆ ಹೊಡೀರಿ, ಬಟ್ಟಲಿನ ಬಾಯಿಗೆ, ರಬ್ಬರ್ ಕವರಿಗೆ, ಬೇರಿಂಗಿಗೆ ಹೊಡೀಬ್ಯಾಡ್ರಿ, ಮಣ್ಣನ್ನ ಹೊರಗ ತರೋ ಬದಲಿ ಒಳಗೇ ತುಂಬತದ. ಬಟ್ಟಲಿನೊಳಗ ಒದ್ದಿ ಅರಿವಿ ಹಾಕಿ ಕೈಯಿಂದ ಒರಸ್ರಿ, ಒಣಗಲಿಕ್ಕ ಬಿಡ್ರಿ, ಮ್ಯಾಲ ಒಂದು ಹೊದಿಕಿ ಹಾಕ್ರಿ. ಪ್ಲಾಸ್ಟಿಕ್ ಹಾಳಿ ಬಿಗಿಯಾಗಿ ಸುತ್ತಿದ್ರ ಒಳಗೇ ಬೆವತು ತುಕ್ಕು ಬರ್ತದ, ಕೆಳಗ ಗಾಳಿ ಆಡೋಹಂಗ ಇರ್ಲಿ.

ಪ್ರಶ್ನೆ: ಸರ್ ನಮ್ದು ಟ್ರ್ಯಾಕ್ಟರ್. ರೋಟಾವೇಟರ್ ಕಟ್ಟಿ ಹೊಲಕ್ಕ ಹೋಗೋವಾಗ ರಸ್ತಾದಾಗ ಹಿಂದ ಖಡಲ್ ಖಡಲ್, ಎಡಕ್ಕ ಬಲಕ್ಕ ತೂಗಾಡಿ ಟೈರಿಗೆ ಬಡದು ಟೈರಿನ ಬಾಜೂ ಗೀರು ಬಿದ್ದದ. ಸ್ಟೆಬಿಲೈಜರ್ ಬಿಗೀ ಮಾಡು ಅಂತ ಒಬ್ಬ, ಮಾಡಬ್ಯಾಡ ಲಿಂಕ್ ಮುರೀತದ ಅಂತ ಇನ್ನೊಬ್ಬ. ಯಾರ್ ಮಾತ್ ಕೇಳ್ಲಿ – ಶಹಾಪುರ, ಯಾದಗಿರಿ ಜಿಲ್ಲಾ

ಉತ್ತರ: ಇಬ್ರೂ ಖರೇ ಹೇಳ್ಯಾರ, ಆದ್ರ ಬ್ಯಾರೆ ಬ್ಯಾರೆ ಕೆಲಸಕ್ಕ. ಟ್ರ್ಯಾಕ್ಟರಿನಾಗ ಸ್ಟೆಬಿಲೈಜರ್ ಅಂದ್ರ ಕ್ಯಾರವಾನಿನ ಸ್ಟೆಬಿಲೈಜರ್ ಅಲ್ಲ, ಹೆಸರು ಒಂದೇ ಅಷ್ಟೇ. ಇಲ್ಲಿ ಪ್ಯಾಡು ಗೀಡು ಏನಿಲ್ಲ, ಹಿಂದಿನ ಎರಡು ಲೋವರ್ ಲಿಂಕ್ (ಸಾಮಾನು ಹಿಡದು ಎತ್ತೋ ಕೆಳಗಿನ ತೋಳು) ಎಷ್ಟು ಅತ್ತಾಗ ಇತ್ತಾಗ ಹೋಗಬೇಕು ಅಂತ ಹಿಡದಿಡೋ ಬಾರ್ ಇಲ್ಲಾ ಚೈನು.

ರೋಟಾವೇಟರ್, ಸ್ಪ್ರೇ ಪಂಪ್, ಬಿತ್ತೋ ಕೂರಿಗಿ ಇಂಥಾವಕ್ಕ ಎರಡೂ ಕಡೆ ಬಿಗೀ ಇರಬೇಕು, ಸಾಮಾನು ಟ್ರ್ಯಾಕ್ಟರಿನ ನಡು ಗೆರಿಗೆ ಸರಿ ನಿಂದ್ರಬೇಕು, ಇಲ್ಲಂದ್ರ ಪಿಟಿಓ ಶಾಫ್ಟ್, ಅಂದ್ರ ಎಂಜಿನ್ ಶಕ್ತಿ ಸಾಮಾನಿಗೆ ಮುಟ್ಟಸೋ ದಂಡ, ಡೊಂಕಾಗಿ ತಿರಗತದ, ಅದರ ಕ್ರಾಸ್ ಜಲ್ದಿ ಹೋಗ್ತದ. ನೇಗಿಲ ಹೊಡಿಯೋವಾಗ ಜರಾ ಸಡಿಲ ಬಿಡಬೇಕು, ನೇಗಿಲಿಗೆ ತನ್ನ ಸಾಲು ಹಿಡೀಲಿಕ್ಕ ಅತ್ತಿತ್ತ ಸರಿಯೋ ಜಾಗ ಬೇಕು. ನಿಮ್ಮ ಕಡೆ ಎರೀ ಭೂಮಿ, ಆಳ ನೇಗಿಲ ಹಾಕಿ ಗಚ್ಚ ಬಿಗದು ತಿರವಿದ್ರ ಅವ ಹೇಳಿದಂಗ ಲಿಂಕಿಗೆ ಪೆಟ್ಟು ಬೀಳೋದು ಖರೆ. ನೇಗಿಲ ಎತ್ತಿಕೊಂಡು ರಸ್ತಾಕ್ಕ ಬಂದಾಗ ಮತ್ತ ಬಿಗೀರಿ. ಪ್ರತೀ ಸಲ ಯಾರ್ ಇಳದು ಬಿಗೀತಾರ ಅಂತೀರಿ, ಗೊತ್ತದ, ನಮ್ಮಪ್ಪನೂ ಬಿಗೀತಿರಲಿಲ್ಲ, ಅವನ ಟ್ರ್ಯಾಕ್ಟರಿನ ಟೈರಿಗೂ ಹಂಗೇ ಗೀರು ಇದ್ವು.

ಬಿಗದ ಮ್ಯಾಲೂ ಖಡಲ್ ಅಂದ್ರ ಬಾರಿನ ಪಿನ್ನು, ಅದರ ತೂತು, ಲಿಂಕಿನ ತುದಿ ಗುಂಡು ಸವದಾವ. ತೂತು ಮೊಟ್ಟಿ ಆಕಾರ ಆಗಿದ್ರ ಗ್ರೀಸ್ ಹಚ್ಚೋದು ಕಣ್ಣೊರಸಿದಂಗ, ಬುಶ್ ಹಾಕಸ್ರಿ, ಪಿನ್ ಬದಲಿ ಮಾಡ್ರಿ. ಟೈರಿನ ಗೀರು ಎಷ್ಟು ಆಳ ಅದ ಅಂತ ನೋಡ್ರಿ, ಒಳಗಿನ ದಾರ ಕಾಣಸಿದ್ರ ಆ ಟೈರ್ ಲೋಡಿಗೆ ಬ್ಯಾಡ.

ಪ್ರಶ್ನೆ: ಕಬ್ಬಿನ ಟ್ರಾಲಿ. ಕೊಂಡಿ ಪಿನ್ ಸವದು ತೆಳ್ಳಗ ಆಗ್ಯದ, ಆವಾಜ ಭಾಳ. ಸದ್ಯಕ್ಕ 16 ಎಂಎಂ ಕಟ್ಟಡದ ಸಳಿ ಕತ್ತರಿಸಿ ಹಾಕೀನಿ, ಸೀಜನ್ ಮುಗಿಯೋ ತನಕ ನಡೀತದಾ – ಅಫಜಲಪುರ

ಉತ್ತರ: ಇಂದೇ ತೆಗೀರಿ. ಮುಂದಿನ ಟ್ರಿಪ್ಪಿಗೆ ಅಲ್ಲ, ಈ ಸಂಚಿಕಿ ಕೆಳಗಿಟ್ಟು ಹೋಗಿ ತೆಗೀರಿ. ಕಟ್ಟಡದ ಸಳಿ ಕಾಂಕ್ರೀಟಿನೊಳಗ ಕೂತು ಎಳತ ತಡಿಯೋದಕ್ಕ ಮಾಡಿದ್ದು, ಕೊಂಡ್ಯಾಗ ಅಡ್ಡ ಪೆಟ್ಟು ತಿನ್ನಲಿಕ್ಕ ಅಲ್ಲ, ಮತ್ತ ಪಿನ್ನಿಗಿಂತ ಸಪೂರ ಇರೋದ್ರಿಂದ ಸಂದು ದೊಡ್ಡದು, ಪ್ರತೀ ಬ್ರೇಕಿಗೆ ಪ್ರತೀ ಗೇರಿಗೆ ಸುತಗಿ ಏಟು ಬಿದ್ದಂಗ. ಎರಡು ಟ್ರಾಲಿ ಕಬ್ಬು ಹೇರಿ ಜೇವರ್ಗಿ ಕಡೆ ಹೈವೇ 50 ಮ್ಯಾಲ ಬಂದಾಗ ಅದು ಮುರದ್ರ ಹಿಂದ ಬರೋ ಬೈಕಿನವ ಏನ್ ಪಾಪಾ ಮಾಡ್ಯಾನ. ಟ್ರ್ಯಾಕ್ಟರ್ ಕಂಪನಿ ಹೇಳಿದ ಅಳತಿದ ಗಟ್ಟಿ ಪಿನ್ ತೊಗೋರಿ, ಕೆಳಗ ಲಿಂಚ್ ಪಿನ್ (ದೊಡ್ಡ ಪಿನ್ ಕಳಚದಂಗ ಹಿಡಿಯೋ ಸಣ್ಣ ಪಿನ್) ಹಾಕ್ರಿ, ತಂತಿ ಸುತ್ತೋದಲ್ಲ. ಟ್ರಾಲಿ ಮೂತಿಯಾಗ ಪಿನ್ ಹೋಗೋ ಕಬ್ಬಿಣದ ಬಳಿನೂ (ಉಂಗುರ) ನೋಡ್ರಿ, ಅದೂ ಒಂದು ಕಡೆ ತೆಳ್ಳಗ ಆಗಿರ್ತದ, ಹೊಸಾ ಪಿನ್ ಹಾಕಿ ಹಳೇ ಬಳಿ ಬಿಟ್ರ ಅರ್ಧಾ ಕೆಲಸ. ಕೊಂಡಿ ಬಾಜೂಕ ಒಂದು ಸೇಫ್ಟಿ ಚೈನ್ ಇರ್ಲಿ, ತಿರುವಿನಾಗ ಜಗ್ಗಬಾರ್ದು ಅಷ್ಟು ಸಡಿಲ, ನೆಲಕ್ಕ ತಾಗಬಾರ್ದು ಅಷ್ಟು ಬಿಗೀ. ಇದೆಲ್ಲಾ ಆದ ಮ್ಯಾಲ ಪಿನ್ನಿಗೆ, ನಾಕು ಗಾಲಿ ಟ್ರಾಲಿ ಇದ್ರ ಮುಂದಿನ ಗಾಲಿಗಳನ್ನ ತಿರಗಸೋ ಟರ್ನ್‌ಟೇಬಲ್ಲಿಗೆ, ಗ್ರೀಸ್ ಹಚ್ಚ್ರಿ. ಹೋದ ತಿಂಗಳ ನಾ ಬರದಿದ್ದು ನಿಮ್ಮಂಥಾ ಕೊಂಡಿಗೇ, ಆದ್ರ ಹಿಂಗ ಬರೀಬೇಕಿತ್ತು.

ಪ್ರಶ್ನೆ: ನಮ್ಮ ಮನಿಯವರು ನಿಮ್ಮ ಅಂಕಣ ತಪ್ಪದ ಓದ್ತಾರ. ನನ್ನದು ಗಾಡಿ ಪ್ರಶ್ನೆ ಅಲ್ಲ, ಬೈಯಬ್ಯಾಡ್ರಿ. ಮೊಮ್ಮಗಳು ಬಂದಾಳ, ತೊಟ್ಟಿಲಾ ತೂಗಿದ್ರ ಮ್ಯಾಲಿನ ಕೊಂಡಿ ಕಿರ್ ಕಿರ್ ಅಂತದ, ಮಲಗಿದ ಕೂಸು ಏಳ್ತದ. ಇವ್ರು ಗ್ರೀಸ್ ತರ್ತೀನಿ ಅಂತ ನಿಂತಾರ – ಕಲಬುರಗಿ

ಉತ್ತರ: ಯಜಮಾನ್ರನ್ನ ಹಿಡೀರಿ, ಡಬ್ಬಿ ಕಸಗೋರಿ. ಗ್ರೀಸ್ ಈ ಬ್ಯಾಸಿಗ್ಯಾಗ, ನಮ್ಮ ಕಲಬುರಗಿ 40 ದಾಟಿದ ಬಿಸಲಾಗ, ಮೆತ್ತಗಾಗಿ ಎಣ್ಣಿ ಬಿಟ್ಟು ಕೂಸಿನ ಮ್ಯಾಲ ಬೀಳಬಹುದು. ಮೊದ್ಲು ಕೂಸನ್ನ ಎತ್ತಿಕೊಂಡು ಕೊಂಡಿ ಇಳಿಸಿ ನೋಡ್ರಿ. ಹಳೇ ತೊಟ್ಟಿಲಿನ ಕೊಂಡಿ, ಸರಪಳಿ ಮ್ಯಾಲಿನ ಬಳಿ ತಿಕ್ಕಿ ತಿಕ್ಕಿ ಒಂದು ಜಾಗದಾಗ ದಾರದಂಗ ತೆಳ್ಳಗ ಆಗಿರ್ತಾವ, ಉಗುರು ಹಚ್ಚಿ ಸವರಿದ್ರ ಕುಣಿ ಗೊತ್ತಾಗ್ತದ. ಕುಣಿ ಇದ್ರ ಕೊಂಡಿನೇ ಹೊಸಾದು ಹಾಕಸ್ರಿ, ಛತ್ತಿಗೆ ಬಡದಿರೋ ಹುಕ್ಕನ್ನೂ ಹಿಡದು ಜಗ್ಗಿ ನೋಡ್ರಿ. ಕುಣಿ ಇಲ್ಲಂದ್ರ ಒಂದು ಮೇಣಬತ್ತಿ ತುಂಡು ತೊಗೊಂಡು ಕೊಂಡಿ ತಿಕ್ಕೋ ಜಾಗಕ್ಕ ಒಣಾ ಉಜ್ಜಿ ಬಿಡ್ರಿ, ಸೋರಂಗಿಲ್ಲ, ವಾಸನಿ ಇಲ್ಲ. ಎಂಟು ಹತ್ತು ದಿನಕ್ಕ ಮತ್ತ ಕಿರ್ ಅಂದ್ರ ಇನ್ನೊಮ್ಮೆ ಉಜ್ಜ್ರಿ.